ಗ್ಯಾಲಕ್ಸಿಗೆ ಮೊದಲ ಕೈ

ಪಾರಿವಾಳಗಳನ್ನು ಹೆದರಿಸಲು ಬಾಲ್ಕನಿಯಲ್ಲಿ ಹಳೆಯ ಸಿಡಿಗಳನ್ನು ನೇತುಹಾಕಬೇಕು ಎಂದು ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಪಾರಿವಾಳಗಳನ್ನು ಕೇಳಿ ಹೇಳಿದ್ದಂತೂ ಅಲ್ಲ. ನಮ್ಮ ಮನೆಯಲ್ಲಿ ಐದು ನೇತಾಡುತ್ತಿವೆ. ಪಾರಿವಾಳಗಳು ಬಂದು ಅವುಗಳಲ್ಲಿ ಮುಖ ನೋಡಿಕೊಂಡು, ಕತ್ತಿನ ಗರಿ ಸರಿಮಾಡಿಕೊಂಡು, ಗ್ರಿಲ್ಲಿನ ಮೇಲೆ ತಮ್ಮ ಕೆಲಸ ಮುಗಿಸಿ ಹೋಗುತ್ತವೆ. ಹೋದ ವಾರ ಒಂದರ ದಾರ ಕಡಿದು ಬಿತ್ತು. ಎತ್ತಿಕೊಂಡು ತಿರುಗಿಸಿದರೆ ಮಾರ್ಕರ್ ಪೆನ್ನಿನ ನೀಲಿ ಅಕ್ಷರಗಳು ಅರ್ಧ ಅಳಿಸಿಹೋಗಿದ್ದವು: 'ಹಾಲೇಶಂದು. ಮುಟ್ಟಬ್ಯಾಡ.'

ಇಂಥ ಹೊತ್ತಿನಲ್ಲಿ 'ಎಲ್ಲವೂ ಕಣ್ಣ ಮುಂದೆ ಬಂದು ನಿಂತಿತು' ಎಂದು ಬರೆಯುವುದು ವಾಡಿಕೆ. ನನ್ನ ಕಣ್ಣ ಮುಂದೆ ಯಾವುದೂ ಹಾಗೆ ಶಿಸ್ತಾಗಿ ಬಂದು ನಿಲ್ಲುವುದಿಲ್ಲ. ನೆನಪು ಅನ್ನುವುದು ಲಗ್ನಪತ್ರಿಕೆಯ ಕರಡಿನ ಹಾಗೆ. ಪ್ರತಿ ಸಲ ಯಾರಾದರೂ ಬಂದು ಒಬ್ಬ ಚಿಕ್ಕಪ್ಪನ ಹೆಸರು ಸೇರಿಸಿ, ಇನ್ನೊಬ್ಬನದನ್ನು ತೆಗೆಸಿ ಹೋಗುತ್ತಾರೆ. ಈ ಮಾತು ನನಗೆ ಅನುಭವದಿಂದ ಬಂದದ್ದು. ತೊಂಬತ್ತರ ದಶಕದ ಕೊನೆಯಲ್ಲಿ, ಬಿ.ಕಾಂ. ಓದುತ್ತಿದ್ದೇನೆ ಎಂದು ಹೇಳಿಕೊಂಡು, ನಾನು ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಸೋದರಮಾವ ಕೊಟ್ರಪ್ಪನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಗಳನ್ನು ಕಂಪೋಸ್ ಮಾಡುತ್ತಿದ್ದೆ.

ಅಂಗಡಿಯಲ್ಲಿ ಒಂದೇ ಕಂಪ್ಯೂಟರು. ಅದರ ದರ್ಶನಕ್ಕೆ ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತು. ಮಾವ ಪ್ರತಿ ಬೆಳಿಗ್ಗೆ ಮಾನಿಟರಿನ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಊದಿನಕಡ್ಡಿ ಬೆಳಗಿ, ಆಮೇಲೆ ಸ್ವಿಚ್ಚು ಹಾಕುತ್ತಿದ್ದ. ಇಷ್ಟೆಲ್ಲ ಮಾಡಿಸಿಕೊಂಡೂ ಅದು ದಿನಕ್ಕೆ ನಾಲ್ಕು ಸಲ ನಿಂತುಹೋಗುತ್ತಿತ್ತು. ದೇವರೂ ಹಾಗೇ ತಾನೆ ಎಂದು ಮಾವ ತಾಳಿಕೊಂಡಿದ್ದ.

ಹಾಲೇಶ ನನ್ನ ಸಹಪಾಠಿ. ಹರಿಹರ ತಾಲ್ಲೂಕಿನ ಭಾನುವಳ್ಳಿಯವನು. ಬೆಳಿಗ್ಗೆ ಊರಿನ ಬಸ್ಸಿನಲ್ಲಿ ಹರಿಹರಕ್ಕೆ, ಅಲ್ಲಿಂದ ಇನ್ನೊಂದರಲ್ಲಿ ನೇತುಬಿದ್ದು ದಾವಣಗೆರೆಗೆ. ಅವನಿಗೆ ಕೈಗುಣ ಇತ್ತು. ಇದು ನಾನು ಹೇಳಿದ್ದಲ್ಲ, ಭಾನುವಳ್ಳಿ ಹೇಳಿದ್ದು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ, ಗದ್ದೆಗೆ ಮೊದಲ ಸಸಿ ಹಚ್ಚಲು ಅವನನ್ನು ಕರೆಯುತ್ತಿದ್ದರು. ಹಿಂದೆ ಅವನ ಅಜ್ಜಿಯನ್ನು ಕರೆಯುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಆ ಕೈ ಇವನಿಗೆ ಬಂದಿದೆ ಎಂದು ಊರು ತೀರ್ಮಾನಿಸಿತು. ಅವನು ಒಂದು ಹಿಡಿ ಸಸಿ ಊರಿ ಮೇಲೆ ಬಂದರೆ ಉಳಿದದ್ದನ್ನು ಹೆಂಗಸರು ಮುಗಿಸುತ್ತಿದ್ದರು. ಬೆಳೆ ಚೆನ್ನಾಗಿ ಬಂದರೆ ಹಾಲೇಶನ ಕೈ, ಬರದಿದ್ದರೆ ಕಾಲುವೆ ಇಂಜಿನಿಯರನ ತಪ್ಪು. ಊರಿನ ಗದ್ದೆಗಳಿಗೆಲ್ಲ ಹೀಗೆ ಕೈ ಹಚ್ಚುತ್ತಿದ್ದ ಹಾಲೇಶನ ಮನೆಗೆ ಸ್ವಂತ ಗದ್ದೆ ಇರಲಿಲ್ಲ ಅನ್ನುವುದು ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ.

ನಮ್ಮಿಬ್ಬರನ್ನು ಕೂಡಿಸಿದ್ದು ಒಂದು ಅರ್ಧ ಪುಟ. ವಾಚನಾಲಯಕ್ಕೆ ಒಂದು ಕಂಪ್ಯೂಟರ್ ಪತ್ರಿಕೆ ಬರುತ್ತಿತ್ತು, ತಿಂಗಳಿಗೊಮ್ಮೆ, ಎರಡು ತಿಂಗಳು ತಡವಾಗಿ. ಅದರಲ್ಲಿ 'ಶೀಘ್ರದಲ್ಲೇ' ಎಂಬ ತಲೆಬರಹದಡಿ ಒಂದು ಹೊಸ ಆಟದ ಸುದ್ದಿ. ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವ ಆಟ. ನೂರಾರು ಸೂರ್ಯರು, ಸಾವಿರಾರು ಗ್ರಹಗಳು, ನಿಮ್ಮ ಮಾತು ಕೇಳದ ಮಂತ್ರಿಗಳು, ನಿಮಗಿಂತ ಜಾಣರಾದ ಅನ್ಯಲೋಕದವರು. ಜೊತೆಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಚಿತ್ರ. ಅದರಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕೆಲವು ಚುಕ್ಕಿಗಳು. ಪತ್ರಿಕೆಯನ್ನು ಹೊರಗೆ ಒಯ್ಯಲು ಬಿಡುವುದಿಲ್ಲವಾದ್ದರಿಂದ ಹಾಲೇಶ ಆ ಅರ್ಧ ಪುಟವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ. ಚಿತ್ರವನ್ನೂ ಬಿಡಲಿಲ್ಲ. ಚುಕ್ಕಿಗಳನ್ನು ಎಣಿಸಿ ಎಣಿಸಿ ಬಿಡಿಸಿದ.

ಆ 'ಶೀಘ್ರ' ಮುಂದಿನ ಸಂಚಿಕೆಯಲ್ಲೂ ಬಂತು, ಅದರ ಮುಂದಿನದರಲ್ಲೂ ಬಂತು. ಎಷ್ಟು ತಿಂಗಳು ಕಾದೆವೋ ಲೆಕ್ಕವಿಲ್ಲ. ಒಂದು ವರ್ಷ ಅನ್ನುತ್ತೇನೆ, ಕೇಳುವವರಿಗೆ ಅದು ಚೆಂದ. ಅಷ್ಟರಲ್ಲಿ ನಾವು ಆಟವನ್ನು ಕಾಗದದ ಮೇಲೆ ಆಡಿ ಮುಗಿಸಿಬಿಟ್ಟಿದ್ದೆವು. ಯಾವ ಗ್ರಹ ಮೊದಲು ಹಿಡಿಯಬೇಕು, ರಾಜಧಾನಿ ಎಲ್ಲಿರಬೇಕು, ದಂಗೆ ಎದ್ದರೆ ಯಾರನ್ನು ಕಳಿಸಬೇಕು. ನನ್ನದು ಕಠಿಣ ಆಡಳಿತ. ನನ್ನ ನಕ್ಷೆಯಲ್ಲಿ ಎಲ್ಲ ಗ್ರಹಗಳ ಫಸಲೂ ರಾಜಧಾನಿಗೆ ಬರುತ್ತಿತ್ತು.

"ಕಟ್ಟಕಡೀ ಗ್ರಹಕ್ಕೆ ಏನ್ ಉಳೀತಲೇ?" ಎಂದು ಹಾಲೇಶ ಕೇಳುತ್ತಿದ್ದ.

"ಅವರು ಕಡೀಗ್ ಅದಾರೆ. ಏನ್ ಮಾಡಾಕ್ ಬರ್ತತಿ?"

"ನೀನು ಕಾಲುವೆ ಇಂಜಿನಿಯರ್ ಆಗ್ಬೇಕಿತ್ತು ನೋಡು."

ಮಾವನಿಗೆ ಇದೆಲ್ಲ ಕೇಳಿಸುತ್ತಿತ್ತು. "ಆಕಾಶದಾಗ ಸೈಟ್ ಮಾಡ್ತೀರೇನ್ರಲೇ?" ಎನ್ನುತ್ತಿದ್ದ. ತಮಾಷೆಯಾಗಿ ಅಲ್ಲ. ಆಗ ಶಾಮನೂರಿನ ಕಡೆ ಹೊಸ ಲೇಔಟುಗಳು ಏಳುತ್ತಿದ್ದ ಕಾಲ. ನಿನ್ನೆ ಜೋಳ ನಿಂತಿದ್ದ ಹೊಲದಲ್ಲಿ ಇವತ್ತು ಸುಣ್ಣ ಬಳಿದ ಕಲ್ಲುಗಳು, ಒಂದು ಕಮಾನು, ಕಮಾನಿನ ಮೇಲೆ ಮಾಲೀಕರ ತಾಯಿಯ ಹೆಸರು. ರಸ್ತೆ, ನೀರು, ದೀಪ ಮುಂತಾದ ಚಿಲ್ಲರೆ ವಿಷಯಗಳು ಆಮೇಲೆ. ಅವುಗಳ ಕರಪತ್ರ ಹೊಡೆಯುತ್ತಿದ್ದದ್ದು ನಮ್ಮ ಅಂಗಡಿಯೇ. 'ಬಸ್ ನಿಲ್ದಾಣದಿಂದ ಕೇವಲ ಐದು ನಿಮಿಷ' ಎಂದು ಬರೆಸಲು ಬಂದ ಒಬ್ಬ ಸಾಹುಕಾರರನ್ನು ಮಾವ ಕೇಳಿದ, "ಯಾವ ಗಾಡಿಯಾಗ್ರಿ ಐದು ನಿಮಿಷ?" ಅವರು ಬಾಯಿಂದ ಹಲ್ಲುಕಡ್ಡಿ ತೆಗೆಯದೆಯೇ ಹೇಳಿದರು, "ನೀವು ಹೊಡೀರಿ ಕೊಟ್ರಪ್ಪಾರೆ. ಯಾವ ಗಾಡಿ ಅನ್ನೋದು ಸೈಟ್ ತಗೊಳ್ಳೋರಿಗೆ ಬಿಟ್ಟಿದ್ದು." ಅಂಥ ಊರಿನಲ್ಲಿ ಓಡಾಡುತ್ತಿದ್ದ ನಮಗೆ ಜನವಿಲ್ಲದ ಗ್ರಹಕ್ಕೆ ಬಾವುಟ ನೆಡುವುದು ಹೊಸ ಕಲ್ಪನೆಯೇನೂ ಆಗಿರಲಿಲ್ಲ.

ಕೊನೆಗೂ ಆಟವನ್ನು ತಂದವನು ಹಾಲೇಶನೇ. ಹರಿಹರದ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಅವನ ಪರಿಚಯದವರೊಬ್ಬರ ಹತ್ತಿರ ಅದು ಇತ್ತು. ಅವರ ತಾಯಿಗೆ ವಾರಗಟ್ಟಲೆ ನದಿಯ ಮೀನು ತಂದುಕೊಟ್ಟು, ನಲ್ಲಿ ರಿಪೇರಿ ಮಾಡಿಸಿಕೊಟ್ಟು, ಸಿಡಿಗೆ ಒಂದು ಪ್ರತಿ ಮಾಡಿಸಿಕೊಂಡಿದ್ದ. ಸೀರೆ ಅಂಗಡಿಯ ಕವರಿನಲ್ಲಿ ಸುತ್ತಿ, ಅಂಗಿಯೊಳಗಿಟ್ಟುಕೊಂಡು, ಬಸ್ಸಿನ ನೂಕುನುಗ್ಗಲಿನಲ್ಲಿ ಎದೆಗೆ ಕೈ ಅಡ್ಡ ಹಿಡಿದುಕೊಂಡು ಬಂದಿದ್ದ. ಮೇಜಿನ ಮೇಲಿಟ್ಟು, ಮಾವನ ಮಾರ್ಕರ್ ಪೆನ್ನು ತೆಗೆದುಕೊಂಡು ಅದರ ಮೇಲೆ ಆ ಎರಡು ವಾಕ್ಯ ಬರೆದ.

"ಕಾಲುವೆಗೆ ನೀರು ಬಿಟ್ಟಾರೆ. ಎರಡು ವಾರ ನಾ ಊರು ಬಿಡಂಗಿಲ್ಲ," ಎಂದ. "ನಮ್ಮನ್ಯಾಗ ಇಟ್ರೆ ನಮ್ಮ ತಂಗಿ ಇದ್ರಾಗ ಮುಖ ನೋಡ್ಕೊಂಡು ಗೀರು ಹಾಕ್ತಾಳೆ. ನಿನ್ನ ಹತ್ರ ಇರ್ಲಿ. ಆದ್ರೆ ನಾ ಬರೋತನಕ ಹಾಕ್‌ಬ್ಯಾಡ. ಮೊದಲ ಕೈ ನಂದು."

"ಛೇ, ಅದನ್ನ ಹೇಳ್ಬೇಕೇನಲೇ?"

"ಹೇಳ್ಬೇಕು. ಅದಕ್ಕೇ ಬರದೀನಿ. ಆಣೆ ಮಾಡು."

ವಿಭೂತಿ ಹಚ್ಚಿದ ಮಾನಿಟರನ್ನು ಮುಟ್ಟಿ ಆಣೆ ಮಾಡಿದೆ.

ಎಷ್ಟು ದಿನ ತಡೆದೆ? ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಒಂದು ವಾರ. ಈ ಪ್ರಬಂಧಕ್ಕಾಗಿ ಪ್ರಾಮಾಣಿಕವಾಗಿ ಯೋಚಿಸಿದೆ. ಅವನು ಕೊಟ್ಟದ್ದು ಗುರುವಾರ. ಅಂಗಡಿಗೆ ರಜೆ ಭಾನುವಾರ. ಹೊರಗೆ ಮಳೆ ಹೊಡೆಯುತ್ತಿತ್ತು, ಬೇರೆ ಕೆಲಸವಿರಲಿಲ್ಲ ಎಂದು ಬರೆಯಲು ಕೈ ತುರಿಸುತ್ತಿದೆ. ಮಳೆ ಇರಲಿಲ್ಲ. ಕೆಲಸವಿತ್ತು, ಯಾರದೋ ಗೃಹಪ್ರವೇಶದ ಪತ್ರಿಕೆ.

ಕಂಪ್ಯೂಟರಿನ ಡಬ್ಬಿಗೆ ಸಿಡಿ ಹಾಕಿದೆ. ಡಬ್ಬಿ ಗೊರಗೊರ ಎಂದಿತು. ಸಂಗೀತ ಬಂತು, ಕಪ್ಪು ಪರದೆ ಬಂತು, ಚುಕ್ಕಿಗಳು ಬಂದವು. ಆಮೇಲೆ ಆಟ ಕೇಳಿತು: ಚಕ್ರವರ್ತಿಯ ಹೆಸರು?

ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿದ ರೀತಿಗೆ ನಾನು ಈಗಲೂ ಬೆರಗಾಗುತ್ತೇನೆ. ನಮ್ಮ ಕಡೆ ಮನೆಯ ಹಿರಿಯರು ಶುಭಕಾರ್ಯಕ್ಕೆ ಬರಲಾಗದಿದ್ದರೆ ಅವರ ಟವೆಲ್ಲನ್ನು ತರಿಸಿ ಮಣೆಯ ಮೇಲಿಡುತ್ತಾರೆ. ಟವೆಲ್ಲು ಬಂದರೆ ಹಿರಿಯರು ಬಂದ ಹಾಗೆ. ಆಮೇಲೆ ಯಾರೂ ತಕರಾರು ತೆಗೆಯುವ ಹಾಗಿಲ್ಲ, ಹಿರಿಯರು ಕೂಡ. ಹಾಗಿದ್ದ ಮೇಲೆ ಹಾಲೇಶನ ಹೆಸರಿನಲ್ಲೇ ಆಡಿದರೆ ಮೊದಲ ಕೈ ಅವನದೇ ಆಯಿತಲ್ಲ? ಆಣೆಯೂ ಉಳಿಯಿತು, ಕೈಗುಣವೂ ಸಿಕ್ಕಿತು. ಇಂಗ್ಲಿಷ್ ಅಕ್ಷರಗಳಲ್ಲಿ 'ಹಾಲೇಶ' ಎಂದು ಕುಟ್ಟಿದೆ. ಹಗುರಾಗಿ ಉಸಿರು ಬಿಟ್ಟೆ. ಗುಂಡಿ ಒತ್ತಿದೆ.

ಆಟ ಹೇಗಿತ್ತು ಎಂದು ಕೇಳುತ್ತೀರಿ. ತಾಲ್ಲೂಕು ಕಚೇರಿ ನೋಡಿದ್ದೀರಲ್ಲ, ಅದಕ್ಕೆ ಕಪ್ಪು ಬಣ್ಣ ಬಳಿದು ನಡುನಡುವೆ ನಕ್ಷತ್ರ ಅಂಟಿಸಿದರೆ ಹೇಗಿರುತ್ತದೋ ಹಾಗಿತ್ತು. ಬ್ರಹ್ಮಾಂಡದ ಚಕ್ರವರ್ತಿ ಮಾಡಬೇಕಾದದ್ದು ಎರಡನೇ ದರ್ಜೆ ಗುಮಾಸ್ತನ ಕೆಲಸ. ಈ ಗ್ರಹದಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಮಂದಿ ಹೊಲಕ್ಕೆ, ಎಷ್ಟು ಮಂದಿ ಕಾರ್ಖಾನೆಗೆ. ತುಂಬು, ಒತ್ತು, ಮುಂದಿನ ವರ್ಷ. ತುಂಬು, ಒತ್ತು, ಮುಂದಿನ ವರ್ಷ. ಮಾತು ಕೇಳದ ಮಂತ್ರಿಗಳು ಅಂದರೆ ಒಂದು ಚೌಕದೊಳಗೆ ಗಡ್ಡದ ಮುಖ. ಅದು ಪ್ರತಿ ವರ್ಷ 'ಜನ ಅಸಮಾಧಾನಗೊಂಡಿದ್ದಾರೆ' ಎನ್ನುತ್ತಿತ್ತು. ಏನು ಮಾಡಬೇಕೆಂದು ಮಾತ್ರ ಎಂದೂ ಹೇಳಲಿಲ್ಲ. ಹಾಲೇಶನ ನೋಟ್‌ಬುಕ್ಕಿನ ಚುಕ್ಕಿಗಳಲ್ಲಿ ಇದಕ್ಕಿಂತ ಹೆಚ್ಚು ಜನ ವಾಸವಾಗಿದ್ದರು.

ಆದರೂ ಬೆಳಗಿನಿಂದ ಸಂಜೆಯವರೆಗೆ ಆಡಿದೆ. ಬೇಸರದ ಆಟವೆಂದು ಗೊತ್ತಾದ ಮೇಲೂ ಬಿಡಲಾಗದೆ ಆಡಿದೆ ಅನ್ನುವುದು ನನ್ನ ಅಪರಾಧವನ್ನು ಹೆಚ್ಚಿಸುತ್ತದೋ ಕಡಿಮೆ ಮಾಡುತ್ತದೋ ನೀವೇ ಹೇಳಬೇಕು.

ಮೊದಲ ಸಾಮ್ರಾಜ್ಯವನ್ನು ನನ್ನ ಪ್ರಸಿದ್ಧ ಕಠಿಣ ಆಡಳಿತ ನುಂಗಿತು. ರಾಜಧಾನಿಯಲ್ಲಿ ಅರಮನೆಯ ಮೇಲೆ ಅರಮನೆ ಕಟ್ಟಿದೆ. ಅಂಚಿನ ಗ್ರಹಗಳು ಒಂದೊಂದಾಗಿ ಕೈಬಿಟ್ಟುಹೋಗಿ, ಹದಿನಾಲ್ಕನೇ ವರ್ಷಕ್ಕೆ ದಂಗೆಯೆದ್ದು ಅರಮನೆಯ ಬಾಗಿಲಿಗೇ ಬಂದವು. ಎರಡನೆಯದರಲ್ಲಿ ಸೇನೆ ಕಟ್ಟಿದೆ, ಊಟ ಹಾಕಲು ಮರೆತೆ. ಒಂಬತ್ತನೇ ವರ್ಷಕ್ಕೆ ಮುಗಿಯಿತು. ಮೂರನೆಯದರಲ್ಲಿ ಎಲ್ಲರೊಂದಿಗೂ ಯುದ್ಧ ಸಾರಿದೆ. ಅನ್ಯಲೋಕದವರಲ್ಲಿ ಕಪ್ಪೆ ಮುಖದ ಒಂದು ಜಾತಿ, ಹರಳಿನ ಮೈಯ ಇನ್ನೊಂದು, ಬರೀ ಹೊಗೆಯಾಗಿದ್ದ ಮತ್ತೊಂದು, ಮೂವರೂ ಸೇರಿ ಇಪ್ಪತ್ತೊಂದನೇ ವರ್ಷಕ್ಕೆ ನನ್ನನ್ನು ಗುಡಿಸಿ ಹಾಕಿದರು. ಪ್ರತಿ ಸಲವೂ ಪರದೆಯ ಮೇಲೆ ಗೋರಿಯೊಂದರ ಚಿತ್ರ. ಪ್ರತಿ ಸಲವೂ ಅದರ ಮೇಲೆ ಹಾಲೇಶ. ಕೈಗುಣ ಎಂಬುದೆಲ್ಲ ಭಾನುವಳ್ಳಿಯವರ ಭ್ರಮೆ ಎಂಬ ವೈಜ್ಞಾನಿಕ ತೀರ್ಮಾನಕ್ಕೂ ಅಂದೇ ಬಂದೆ.

ಸಂಜೆ ಆಟವನ್ನು ಯಂತ್ರದಿಂದ ಪೂರ್ತಿ ಅಳಿಸಿದೆ. ಸಿಡಿಯನ್ನು ಬಟ್ಟೆಯಿಂದ ಒರೆಸಿ, ಅದೇ ಕವರಿನಲ್ಲಿ, ಅದೇ ಮಡಿಕೆಗಳಲ್ಲಿ ಸುತ್ತಿಟ್ಟೆ. ಗಂಟಿನ ದಿಕ್ಕನ್ನು ಕೂಡ ನೆನಪಿಟ್ಟುಕೊಂಡಿದ್ದೆ.

ಎರಡು ವಾರ ಕಳೆದ ಭಾನುವಾರ ಹಾಲೇಶ ಬಂದ. ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟಿದ್ದ. ಉಗುರಿನ ಸಂದಿಯ ಕೆಸರು ಮಾತ್ರ ಹೋಗಿರಲಿಲ್ಲ. ಮಾವನೂ ಆವತ್ತು ಅಂಗಡಿಗೆ ಬಂದಿದ್ದ. ಹುಡುಗರು ವರ್ಷದಿಂದ ಹರಟೆ ಕೊಚ್ಚಿದ್ದನ್ನು ನೋಡಿಯೇಬಿಡೋಣ ಎಂದು ಎರಡು ಪೊಟ್ಟಣ ಮಂಡಕ್ಕಿ, ಮಿರ್ಚಿ ಹಿಡಿದುಕೊಂಡು. ಹಾಲೇಶ ಚಪ್ಪಲಿ ಬಿಟ್ಟು ಬಂದು, ಕವರು ಬಿಚ್ಚಿ, ಸಿಡಿಯನ್ನು ಕಣ್ಣಿಗೊತ್ತಿಕೊಂಡ. ಮಾವ ಊದಿನಕಡ್ಡಿ ಹಚ್ಚಿದ. ನಾನು ಹಿಂದೆ ನಿಂತು "ಹೆಂಗೈತೋ ಏನೋ" ಎಂದೆ. ಆ ಎರಡು ಮಾತಿಗೆ ನನ್ನ ನಟನೆಯ ಅರ್ಧ ಬಲವನ್ನು ಖರ್ಚು ಮಾಡಿದೆ.

ಡಬ್ಬಿ ಗೊರಗೊರ ಎಂದಿತು. ಸಂಗೀತ, ಕಪ್ಪು, ಚುಕ್ಕಿಗಳು. ಹಾಲೇಶ ಬಾಯಿ ತೆರೆದು ನೋಡುತ್ತಿದ್ದ. ಆಟವನ್ನು ಅಳಿಸಿದರೂ ಅದರ ಚಕ್ರವರ್ತಿಗಳ ಪಟ್ಟಿ ಯಂತ್ರದ ಯಾವುದೋ ಮೂಲೆಯಲ್ಲಿ ಉಳಿದುಕೊಳ್ಳುತ್ತದೆ ಎಂಬುದನ್ನು ನಾನು ಕಲಿತದ್ದು ಆ ಕ್ಷಣದಲ್ಲಿ. ಚುಕ್ಕಿಗಳ ಮೇಲೆ ಅಕ್ಷರಗಳು ಮೂಡಿದವು. ಗತಿಸಿದ ಚಕ್ರವರ್ತಿಗಳು: ಹಾಲೇಶ, ಇಪ್ಪತ್ತೊಂದನೇ ವರ್ಷ, ನಾಶ. ಹಾಲೇಶ, ಹದಿನಾಲ್ಕನೇ ವರ್ಷ, ನಾಶ. ಹಾಲೇಶ, ಒಂಬತ್ತನೇ ವರ್ಷ, ನಾಶ.

ಮೊದಲು ಬಾಯಿ ಬಿಟ್ಟವನು ಮಾವ. "ಹೊಸಾದು ಅಂದ್ರಿ, ಆಗ್ಲೇ ಮೂರು ಹೆಣ ಬಿದ್ದಾವಲ್ರಲೇ?"

ಹಾಲೇಶ ಪಟ್ಟಿಯನ್ನು ಎರಡು ಸಲ ಓದಿದ. "ನಾ ಮೂರು ಸಲ ಸತ್ತೀನಿ," ಎಂದ. "ನನಗ ಗೊತ್ತೇ ಆಗಿಲ್ಲ ನೋಡು."

"ನಿನ್ನ ಹೆಸರಾಗೇ ಹಾಕ್ದೆ ಕಣಲೇ. ಮೊದಲ ಕೈ ನಿಂದೇ ಆತಲ್ಲ," ಎಂದೆ. ಟವೆಲ್ಲಿನ ವಿಚಾರವನ್ನೂ ವಿವರಿಸಿದೆ. ಯೋಚಿಸುವಾಗ ಗಟ್ಟಿಯಾಗಿದ್ದ ಆ ವಾದ ಬಾಯಿಂದ ಹೊರಬರುವಾಗ ಮಂಡಕ್ಕಿಯಷ್ಟು ಹಗುರಾಗಿತ್ತು.

"ವೀರೇಶ," ಎಂದು ಹಾಲೇಶ ನನ್ನ ಹೆಸರು ಹಿಡಿದು ಕರೆದ. ಅವನು ಹಾಗೆ ಕರೆಯುತ್ತಿದ್ದದ್ದು ಹಾಜರಿ ಹೇಳುವಾಗ ಮಾತ್ರ. "ಗದ್ದಿಗೆ ಬಂದು ಕೈ ಹಚ್ಚು ಅಂತ ಕರದ್ರೆ ನಾ ಹೋಗ್ದೆ ಚೀಟಿ ಬರದು ಕಳಿಸ್ಲೇನು?"

ನಾನು ಮಂಡಕ್ಕಿ ಪೊಟ್ಟಣದ ಬಾಯಿ ಮಡಚತೊಡಗಿದೆ.

"ಈ ಎರಡು ವಾರದಾಗ ಹದಿನೇಳು ಗದ್ದಿಗೆ ಹಚ್ಚಿ ಬಂದೀನಿ. ಹದಿನೇಳೂ ಮಂದೀವು. ಇದೊಂದು ನಂದು ಅಂತ ಇತ್ತು."

ಅವನು ಎದ್ದು ಹೋಗುತ್ತಾನೆ ಎಂದುಕೊಂಡೆ. ಹೋಗಿದ್ದರೆ ನನಗೂ ಸಲೀಸಾಗುತ್ತಿತ್ತು. ಒಂದು ತಿಂಗಳು ಮುನಿಸು, ಆಮೇಲೆ ಒಂದು ಚಹಾ. ಹಾಲೇಶ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಚಕ್ರವರ್ತಿಯ ಹೆಸರು ಎಂದು ಆಟ ಕೇಳಿದಾಗ, ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ವೀರೇಶ.

"ಏನ್ ಮಾಡ್ತೀಯಲೇ?"

"ಸಾಯಿಸ್ತೀನಿ. ನೀ ಒಂಬತ್ತು ವರ್ಷದಾಗ ನನ್ನ ಸಾಯ್ಸೀ. ನಾ ಐದರಾಗ ಮುಗಸ್ತೀನಿ ನೋಡ್ತಿರು."

ಅವನು ಅದುವರೆಗೆ ಮೌಸು ಹಿಡಿದದ್ದು ಹೆಚ್ಚೆಂದರೆ ನಾಲ್ಕು ಸಲ. ಆದರೆ ಹಾಳುಮಾಡಲು ಕೂತವನಿಗೆ ಎಲ್ಲ ಗುಂಡಿಗಳೂ ಬೇಗ ಸಿಗುತ್ತವೆ. ಸೇನೆಯನ್ನು ವಿಸರ್ಜಿಸಿದ. ಅರಮನೆ ಕಟ್ಟಲಿಲ್ಲ. ಬಂದ ಫಸಲನ್ನೆಲ್ಲ ಅಂಚಿನ ಗ್ರಹಗಳಿಗೆ ಕಳಿಸಿ ರಾಜಧಾನಿಯನ್ನು ಉಪವಾಸ ಕೆಡವಿದ. ಕಪ್ಪೆ ಮುಖದವರು ಬಂದು ಒಂದು ಗ್ರಹ ಕೇಳಿದರು.

"ಬರ್ರಿ, ಕೂಡ್ರಿ," ಎಂದ ಹಾಲೇಶ ಪರದೆಗೆ. "ಒಂದ್ಯಾಕ, ಎರಡು ತಗೊಳ್ರಿ. ವೀರೇಶಪ್ಪಾರು ಭಾಳ ದೊಡ್ಡ ಮನಸ್ಸಿನೋರು."

ಹರಳಿನವರು ಕೇಳಿದರು. ಕೊಟ್ಟ. ಹೊಗೆಯವರು ಏನನ್ನೂ ಕೇಳಲಿಲ್ಲ. ಅವರಿಗೆ ಇವನೇ ಹುಡುಕಿಕೊಂಡು ಹೋಗಿ ಕೊಟ್ಟ. ಮಾವನಿಗೆ ಜೀವಮಾನದಲ್ಲಿ ಇಷ್ಟು ಖುಷಿ ಕೊಟ್ಟ ಆಟ ಇನ್ನೊಂದಿರಲಿಲ್ಲ. ಮಿರ್ಚಿ ಹಿಡಿದ ಕೈಯಲ್ಲೇ ಪರದೆ ತೋರಿಸಿ, "ಏ ಹಾಲೇಶಿ, ಆ ಮೂಲೀದು ಇನ್ನೂ ಐತಲ್ಲೋ, ಅದನ್ನೂ ದಾಟ್ಸು," ಎನ್ನುತ್ತಿದ್ದ. ನಾನು ನನ್ನ ಸಾಮ್ರಾಜ್ಯ ಕರಗುವುದನ್ನು ಸ್ವಂತ ಮಾವನ ಭುಜದ ಮೇಲಿಂದ ನೋಡುತ್ತ ನಿಂತಿದ್ದೆ. ಬರೀ ಆಟ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ಸಲ ಹೇಳಿಕೊಳ್ಳಬೇಕಾಯಿತು.

ಐದು ವರ್ಷವಾಯಿತು, ಹತ್ತಾಯಿತು. ಹಾಲೇಶನ ಹುಬ್ಬು ಗಂಟಿಕ್ಕಿತು. ಸಾಮ್ರಾಜ್ಯ ಸಾಯುತ್ತಿರಲಿಲ್ಲ. ಒಂದು ಬಡಕಲು ರಾಜಧಾನಿ ಮಾತ್ರ ಉಳಿದಿತ್ತು. ಅದನ್ನು ಕೊಡಲು ಆಟ ಬಿಡುತ್ತಿರಲಿಲ್ಲ, ಕಸಿದುಕೊಳ್ಳಲು ಯಾರೂ ಬರುತ್ತಿರಲಿಲ್ಲ. ಎಲ್ಲರೂ ನಮ್ಮ ಸ್ನೇಹಿತರು. ಅವನು ಯುದ್ಧ ಸಾರಿದ; ಅವರು ನಕ್ಕು ಕ್ಷಮಿಸಿದರು. ಗಡ್ಡದ ಮಂತ್ರಿ ಮೊದಲ ಬಾರಿಗೆ 'ಜನ ನೆಮ್ಮದಿಯಿಂದಿದ್ದಾರೆ' ಎಂದ.

ಇಪ್ಪತ್ತೈದನೇ ವರ್ಷಕ್ಕೆ ತುತ್ತೂರಿ ಮೊಳಗಿತು. ಆ ವರ್ಷ ಎಲ್ಲ ಜಾತಿಗಳ ಮಹಾಸಭೆ ಸೇರಿ ಗ್ಯಾಲಕ್ಸಿಗೆ ಒಬ್ಬ ಅಧಿಪತಿಯನ್ನು ಆರಿಸುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಮೂರು ಸಾಮ್ರಾಜ್ಯಗಳಲ್ಲಿ ಯಾವುದೂ ಅಷ್ಟು ವರ್ಷ ಬದುಕಿರಲಿಲ್ಲ. ಕಪ್ಪೆ ಮುಖದವರ ಮತ ವೀರೇಶನಿಗೆ. ಹರಳಿನವರದೂ ವೀರೇಶನಿಗೆ. ಹೊಗೆಯವರು ಸ್ವಲ್ಪ ಹೊತ್ತು ಸುತ್ತಿ ಸುಳಿದು, ಅವರೂ ವೀರೇಶನಿಗೆ. ಪಟಾಕಿಗಳು ಸಿಡಿದವು. ಪಟ್ಟಿ ಮತ್ತೆ ಬಂತು. ಎಲ್ಲಕ್ಕಿಂತ ಮೇಲೆ, ಬಂಗಾರದ ಅಕ್ಷರಗಳಲ್ಲಿ: ವೀರೇಶ, ಸಮಸ್ತ ಗ್ಯಾಲಕ್ಸಿಯ ಸಾರ್ವಭೌಮ. ಕೆಳಗೆ ಸತ್ತ ಮೂವರು ಹಾಲೇಶರು.

ಮಾವ ನಗಲು ಹೊರಟವನು ಅರ್ಧಕ್ಕೆ ನಿಲ್ಲಿಸಿದ.

ಹಾಲೇಶ ಬಲಗೈಯನ್ನು ಮೌಸಿನಿಂದ ತೆಗೆದು ಅಂಗೈ ತಿರುಗಿಸಿ ನೋಡಿಕೊಂಡ. "ಹಾಳ್ ಮಾಡಾಕ್ ಕುಂತ್ರೂ ಬೆಳೀತತಲ್ಲೋ," ಎಂದ. "ಮಂದಿ ಹೆಸರ್ಲೇ ಬೆಳೀತತಿ." ಆಮೇಲೆ ಗಡಿಯಾರ ನೋಡಿ, ಹರಿಹರದಲ್ಲಿ ಊರಿನ ಬಸ್ಸು ತಪ್ಪುತ್ತದೆ ಎಂದು ಎದ್ದ. ಸಿಡಿಯನ್ನು ಕೇಳಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, "ಕೊಟ್ರಪ್ಪಮಾವ, ಮಿರ್ಚಿ ಚಲೋ ಇದ್ವು," ಎಂದ.

ಆಮೇಲೆ ನಾವು ಮಾತು ಬಿಟ್ಟೆವು ಎಂದೇನಿಲ್ಲ. ಕಾಲೇಜಿನಲ್ಲಿ ಒಂದೇ ಬೆಂಚು, ಪರೀಕ್ಷೆಗೆ ಒಂದೇ ಗೈಡು. ನೋಟ್‌ಬುಕ್ಕಿನಲ್ಲಿ ಚುಕ್ಕಿಗಳ ಪುಟ ಇದ್ದ ಜಾಗದಲ್ಲಿ ಹರಿದ ಅಂಚು ಇತ್ತು. ಅಷ್ಟೇ.

ಆಟದ ಸುದ್ದಿ ಹಾಸ್ಟೆಲಿಗೆ ಹೋಗಿ, ಭಾನುವಾರಗಳಂದು ನಾಲ್ಕೈದು ಮಂದಿ ಅಂಗಡಿಗೆ ಬರತೊಡಗಿದರು. ಆಟ ತೆರೆದೊಡನೆ ಪಟ್ಟಿ ಕಾಣುತ್ತಿತ್ತು. ಬಂಗಾರದ ಅಕ್ಷರಗಳನ್ನು ನೋಡಿ ಅವರು ನನಗೆ ಕುರ್ಚಿ ಬಿಟ್ಟುಕೊಡುತ್ತಿದ್ದರು. ಯುದ್ಧವಿಲ್ಲದೆ ಗೆಲ್ಲುವುದು ಹೇಗೆ, ಕೊಟ್ಟು ಆಳುವುದು ಹೇಗೆ ಎಂದು ನಾನು ವಿವರಿಸುತ್ತಿದ್ದೆ. ಚೆನ್ನಾಗಿಯೇ ವಿವರಿಸುತ್ತಿದ್ದೆ. ಒಂದು ದಿನ ಅವರಲ್ಲೊಬ್ಬ ಪರದೆಯ ಕೆಳಭಾಗಕ್ಕೆ ಬೆರಳು ತೋರಿಸಿ ಕೇಳಿದ, "ಅಣ್ಣ, ಈ ಹಾಲೇಶ ಯಾರ್ರಿ? ಮೂರೂ ಸಲ ಸೋತಾನಲ್ಲ."

ಆಗ ಹಾಲೇಶ ಬಾಗಿಲಲ್ಲಿ ನಿಂತಿದ್ದ ಎಂದು ಬರೆದರೆ ಚೆಂದವಾಗುತ್ತದೆ. ಅವನು ಇರಲಿಲ್ಲ. ಭಾನುವಳ್ಳಿಯಲ್ಲಿ ಯಾರದೋ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ. ಮಾವನೂ ಇರಲಿಲ್ಲ. ನಿಜ ಹೇಳಿದ್ದರೆ ನನಗೆ ಆಗುತ್ತಿದ್ದ ನಷ್ಟ ಒಂದು ಕುರ್ಚಿ.

"ನಮ್ಮ ಕ್ಲಾಸಿನವನು," ಎಂದೆ. "ಪಾಪ, ಅವನಿಗೆ ಅಷ್ಟು ಬರ್ತಿದ್ದಿಲ್ಲ."